ಓದುಗರ ಪ್ರಶ್ನೆ: ತರಬೇತಿ ಯಾವುದಕ್ಕೆ, ಎಷ್ಟು ಮಂದಿಗೆ, ಯಾವ ತಿಂಗಳಲ್ಲಿ?

ಪ್ರಶ್ನೆ: ನಮ್ಮೂರಲ್ಲಿ ವರ್ಷವರ್ಷವೂ ಹೊಲಿಗೆ, ಕಂಪ್ಯೂಟರ್ ತರಬೇತಿ ನಡೆಯುತ್ತದೆ. ಸರ್ಟಿಫಿಕೇಟ್ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರ, ನೌಕಾನೆಲೆ ಹತ್ತಿರವೇ ಇದ್ದರೂ ಕೆಲಸಕ್ಕೆ ಹೊರಗಿನವರೇ ಹೆಚ್ಚು. ಜಿಲ್ಲಾ ಕೌಶಲ್ಯ ಸಮಿತಿಗೆ ನಾವು ಏನೆಂದು ಬರೆದುಕೊಡಬೇಕು?
— ಗ್ರಾಮ ಪಂಚಾಯಿತಿ ಸದಸ್ಯೆ, ಕಾರವಾರ ತಾಲೂಕು

ಉತ್ತರ: ‘ಯುವಕರಿಗೆ ತರಬೇತಿ ಕೊಡಿ’ ಎಂದಷ್ಟೇ ಬರೆದರೆ ಮತ್ತೆ ಹೊಲಿಗೆ ಯಂತ್ರವೇ ಬರುತ್ತದೆ. ಕೆಲಸದ ಹೆಸರು, ಬೇಕಾದ ಜನ, ಬೇಕಾದ ತಿಂಗಳು, ಈ ಮೂರೂ ಇರುವ ಪಟ್ಟಿ ಕೊಡಿ. ಸಮಿತಿಯ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ, ಹಾಗಾಗಿ ಅಂಥ ಪಟ್ಟಿಯನ್ನು ಬದಿಗಿಡುವುದು ಸುಲಭವಲ್ಲ.

ಪಟ್ಟಿ ಮಾಡಲು ದೊಡ್ಡ ಕಚೇರಿಯ ಗೇಟಿಗೆ ಹೋಗಿ ಪ್ರಯೋಜನ ಕಡಿಮೆ. ಅಲ್ಲಿನ ಕಾಯಂ ಹುದ್ದೆಗಳು ದೇಶಮಟ್ಟದ ಪರೀಕ್ಷೆಯಿಂದ ತುಂಬುತ್ತವೆ. ಉಳಿದ ಜನರನ್ನು ತರುವವರು ಗುತ್ತಿಗೆದಾರರು. ಅವರನ್ನೇ ಕೇಳಿ: ಕಳೆದ ಮೂರು ಬಾರಿ ಯಾವ ಕೆಲಸಕ್ಕೆ ಜನ ಸಿಗಲಿಲ್ಲ? ಕೊನೆಗೆ ಎಲ್ಲಿಂದ ಕರೆಸಿದಿರಿ? ಸೇರಿಸಿಕೊಳ್ಳುವಾಗ ಏನು ಮಾಡಿಸಿ ನೋಡುತ್ತೀರಿ? ಬಿಟ್ಟುಹೋದವರು ಯಾಕೆ ಹೋದರು? ‘ಮುಂದೆ ಎಷ್ಟು ಜನ ಬೇಕು’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ದೊಡ್ಡ ಸಂಖ್ಯೆಯನ್ನೇ ಹೇಳುತ್ತಾರೆ, ಅದಕ್ಕೆ ಹೊಣೆ ಯಾರೂ ಅಲ್ಲ.

ಲೆಕ್ಕದಲ್ಲಿ ಎಡವುವ ಜಾಗ ಇನ್ನೊಂದಿದೆ. ಒಂದು ತಾಲೂಕಿನ ಕಾರ್ಖಾನೆಗಳಲ್ಲೆಲ್ಲ ಸೇರಿ 40 ಎಲೆಕ್ಟ್ರಿಷಿಯನ್‌ಗಳಿದ್ದಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಇಬ್ಬರು ನಿವೃತ್ತರಾಗಿ ನಾಲ್ವರು ಬಿಟ್ಟರೆ ಖಾಲಿಯಾಗುವುದು ಆರೇ ಜಾಗ. ಒಂದು ಐಟಿಐ ತಂಡದಲ್ಲಿ 20 ಮಂದಿ ಕಲಿಯುತ್ತಾರೆ. ಅಲ್ಲಿ ಇನ್ನೊಂದು ತಂಡ ಕೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. 5 ಮತ್ತು 6ನೇ ಘಟಕಗಳು ತಲಾ 700 ಮೆಗಾವ್ಯಾಟ್‌ನವು. ಇಂಥ ಘಟಕ ಕಟ್ಟುವ ಕಾಮಗಾರಿಯಲ್ಲಿ ಮೊದಲು ಬೇಕಾಗುವವರು ಕಬ್ಬಿಣ ಕಟ್ಟುವವರು, ಸೆಂಟ್ರಿಂಗ್ ಬಡಗಿಗಳು. ಪೈಪ್ ವೆಲ್ಡರ್, ಫಿಟ್ಟರ್‌ಗಳ ಸರದಿ ಆಮೇಲೆ, ಕೇಬಲ್ ಎಳೆಯುವವರದು ಅದಕ್ಕೂ ಆಮೇಲೆ. ಘಟಕ ಓಡಲು ಶುರುವಾದ ಮೇಲೆ ಉಳಿಯುವ ಕೆಲಸ ಕಡಿಮೆ. ಯಾವ ಹಂತ ಯಾವಾಗ ಎಂಬುದನ್ನು ಪಟ್ಟಿಯಲ್ಲಿ ಬರೆಯದಿದ್ದರೆ ವೆಲ್ಡರ್‌ಗಳು ಎರಡು ವರ್ಷ ಮೊದಲೇ ತಯಾರಾಗಿ ಗೋವಾ ಸೇರಿರುತ್ತಾರೆ.

ಮೀನುಗಾರಿಕೆಗೂ ತಿಂಗಳೇ ಮುಖ್ಯ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಕಾರವಾರದ ಬೈತಖೋಲ ಮೀನುಗಾರಿಕಾ ಬಂದರಿನಲ್ಲಿ ಬೋಟು ನಿಂತಿರುವ ಈ 61 ದಿನ ಡೀಸೆಲ್ ಎಂಜಿನ್ ರಿಪೇರಿ ಕಲಿಸಲು ಹೇಳಿ ಮಾಡಿಸಿದ ಕಾಲ, ಬಿಚ್ಚಿ ಜೋಡಿಸಲು ನಿಜವಾದ ಎಂಜಿನ್ ಎದುರಿಗೇ ಇರುತ್ತದೆ. ಆದರೆ ನಾಡದೋಣಿಯವರಿಗೆ ದುಡಿಮೆಯ ಹೊತ್ತು ಅದೇ, ಅವರ ತರಗತಿಯನ್ನು ಆಗ ಇಡಬೇಡಿ.

ಪ್ರಶ್ನೆ: ಮಗ ಐಟಿಐ ವೆಲ್ಡರ್ ಮುಗಿಸಿದ್ದಾನೆ. ಎರಡು ಕಡೆ ಟೆಸ್ಟ್‌ನಲ್ಲಿ ಫೇಲ್ ಆದ. ಏನು ಕೊರತೆ?
— ಕುಮಟಾ

ಉತ್ತರ: ಒಂದು ವರ್ಷದ ಆ ಕೋರ್ಸಿನಲ್ಲಿ ಹೆಚ್ಚಿನ ಅಭ್ಯಾಸ ಪ್ಲೇಟಿನ ಮೇಲೆ. ಪೈಪ್ ಕೆಲಸಕ್ಕೆ ಕೇಳುವುದು 6ಜಿ: ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ತಿರುಗಿಸುವಂತಿಲ್ಲ, ವೆಲ್ಡರ್‌ನೇ ಸುತ್ತ ಸರಿಯಬೇಕು. ಹೆಚ್ಚಿನವರು ಸೋಲುವುದು ಮೊದಲ ರನ್‌ನಲ್ಲಿ (ಬೆಸುಗೆಯ ಮೊದಲ ಪದರ), ಒಳಬದಿಯವರೆಗೆ ಲೋಹ ಇಳಿದಿರುವುದಿಲ್ಲ. ಎರಡನೇ ಕಾರಣ ನಮ್ಮ ಕರಾವಳಿಯ ತೇವ. 7018 ವೆಲ್ಡಿಂಗ್ ರಾಡ್ ಪೊಟ್ಟಣ ಒಡೆದು ಹೊರಗಿಟ್ಟರೆ ತೇವ ಹೀರುತ್ತದೆ, ವೆಲ್ಡ್‌ನಲ್ಲಿ ಗಾಳಿಗುಳ್ಳೆ, ಬಿರುಕು ಬರುತ್ತವೆ. ತಯಾರಕರು ಹೇಳಿದ ಶಾಖದಲ್ಲಿ, ಸಾಮಾನ್ಯವಾಗಿ 300 ಡಿಗ್ರಿ ಆಸುಪಾಸಿನಲ್ಲಿ, ಓವನ್‌ನಲ್ಲಿ ಒಣಗಿಸಿಯೇ ಬಳಸಬೇಕು. ಓವನ್ ಇಲ್ಲದ ತರಬೇತಿ ಕೇಂದ್ರಕ್ಕೆ ದುಡ್ಡು ಕಟ್ಟಬೇಡಿ. ಇನ್ನೊಂದು ಮಾತು: ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ) ನಿಯಮದಂತೆ ಆ ವಿಧಾನದಲ್ಲಿ ಆರು ತಿಂಗಳು ವೆಲ್ಡ್ ಮಾಡದಿದ್ದರೆ ಅರ್ಹತೆ ರದ್ದಾಗುತ್ತದೆ. ಕೆಲಸ ಶುರುವಾಗುವ ಹೊತ್ತಿಗೆ ಸರಿಯಾಗಿ ಟೆಸ್ಟ್ ಕೊಡಲಿ.

ಪ್ರಶ್ನೆ: ಅಡಿಕೆ ಕೊನೆ ಕೊಯ್ಯುವ ಕೊನೆಗೌಡರೇ ಸಿಗುತ್ತಿಲ್ಲ. ನಮ್ಮ ಸಹಕಾರಿ ಸಂಘದಿಂದ ದೋಟಿ (ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲು) ತರಬೇತಿ ಮಾಡಿಸಿದೆವು. ಕಲಿತವರಲ್ಲಿ ಯಾರೂ ಉಳಿಯಲಿಲ್ಲ.
— ಸಂಘದ ನಿರ್ದೇಶಕರು, ಶಿರಸಿ

ಉತ್ತರ: ಕಲಿಸಿದ್ದು ತಪ್ಪಲ್ಲ, ವರ್ಷದ ದುಡಿಮೆ ಜೋಡಿಸದೆ ಕಲಿಸಿದ್ದು ತಪ್ಪು. ಮೇ ಕೊನೆಯಿಂದ ಜುಲೈವರೆಗೆ ಮದ್ದು ಹೊಡೆಯುವುದು, ಚಳಿಗಾಲದಲ್ಲಿ ಅಡಿಕೆ ಕೊನೆ ಕೊಯ್ಲು, ಅದರ ಬೆನ್ನಿಗೇ ಕಾಳುಮೆಣಸು. ನಡುವಿನ ಖಾಲಿ ತಿಂಗಳುಗಳಲ್ಲಿ ಹುಡುಗರು ಬೆಂಗಳೂರು ಬಸ್ ಹತ್ತುತ್ತಾರೆ. ಸದಸ್ಯರ ತೋಟಗಳ ಕೆಲಸವನ್ನು ಸಂಘವೇ ಮುಂಗಡ ಬುಕ್ ಮಾಡಿಕೊಂಡು, ಖಾಲಿ ತಿಂಗಳಿಗೆ ಕಪ್ಪು (ಬಸಿಗಾಲುವೆ) ತೆಗೆಯುವುದು, ಸೊಪ್ಪು ಹಾಕುವುದನ್ನು ಸೇರಿಸಿ ತಿಂಗಳ ಸಂಬಳ, ಅಪಘಾತ ವಿಮೆ ಕೊಟ್ಟರೆ ಮಾತ್ರ ತಂಡ ನಿಲ್ಲುತ್ತದೆ.

ತರಬೇತಿಯಲ್ಲಿ ಎರಡು ವಿಷಯ ಬಿಡಲೇಬೇಡಿ. ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತುವಂತಿಲ್ಲ, ಹೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಎತ್ತಬೇಕು. ಎರಡನೆಯದು ಬೋರ್ಡೋ ದ್ರಾವಣ, ಅಂದರೆ ಮೇಲೆ ಹೇಳಿದ ಮದ್ದು. 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಜ್ಜಿ ಹೊಳಪು ತಂದ ಕತ್ತಿ ಅದ್ದಿದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ತಯಾರಿಸಿದ ದಿನವೇ ಖಾಲಿ ಮಾಡಬೇಕು.

ಪ್ರಶ್ನೆ: ನಮ್ಮ ರೆಸಾರ್ಟ್‌ನಲ್ಲಿ 12 ಜನರಿದ್ದಾರೆ. ಅಪ್ರೆಂಟಿಸ್ ತೆಗೆದುಕೊಳ್ಳಬಹುದೇ?
— ಗೋಕರ್ಣ

ಉತ್ತರ: ಖಂಡಿತ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ ಅದು ಕಡ್ಡಾಯ, 4ರಿಂದ 29 ಇದ್ದರೆ ಐಚ್ಛಿಕ. ಅಪ್ರೆಂಟಿಸ್‌ಗಳ ಮಿತಿ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15. ಹಾಗಾಗಿ ನಿಮ್ಮಲ್ಲಿ ಒಬ್ಬರಿಗೆ ಅವಕಾಶ. ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರ ಭರಿಸುತ್ತದೆ. ಹೋಟೆಲ್ ಕೆಲಸಗಳಲ್ಲಿ ಆರು ತಿಂಗಳ ಅವಧಿಯದ್ದೂ ಸಾಧ್ಯ. ಅಕ್ಟೋಬರ್‌ನಲ್ಲಿ ಸೇರಿಸಿಕೊಂಡರೆ ಪ್ರವಾಸಿಗರ ಸೀಸನ್ ಪೂರ್ತಿ ಸಿಗುತ್ತದೆ. ಕರಾರನ್ನು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಮೇಲೆಯೇ ಕೆಲಸಕ್ಕೆ ಹಚ್ಚಿ.