ಹಬ್ಬದ ಗಡಿಬಿಡೀಲಿ ಮಾತ್ರೆ ಹೊತ್ತು ತಪ್ಪಬಾರ್ದು

ಗೌರಿ-ಗಣೇಶದಿಂದ ಹಿಡಿದು ದೀಪಾವಳಿ ಮುಗಿಯೋವರ್ಗೂ ಈ ಅಂಕಣಕ್ಕೆ ನರರೋಗದ ಪತ್ರಗಳು ಜಾಸ್ತಿ ಬರ್ತವೆ. ಏಳೋ ಹೊತ್ತು, ಊಟದ ಹೊತ್ತು, ನಿದ್ದೆ ಎಲ್ಲ ಏರುಪೇರಾಗುತ್ತೆ, ಮನೇಲಿ ಉಳಿದವ್ರು ಎರಡು ದಿನ ಸುಧಾರಿಸ್ಕೊಂಡು ಸರಿ ಹೋಗ್ತಾರೆ, ಕಾಯಿಲೆ ಇರೋರಿಗೆ ಅದು ಆಗಲ್ಲ. ದೀಪಾವಳಿ ಹತ್ರ ಬಂತು ಅಂತ ಈ ಸಲ ನಾಲ್ಕು ಪತ್ರ ತಗೊಂಡಿದೀನಿ. ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಅಂಥದೇ ಪತ್ರ ತುಂಬಾ ಜನ ಬರೆದಿದ್ರು.

ಪ್ರಶ್ನೆ: ಮೇಡಂ, ನಮ್ಮ ಮಾವನೋರಿಗೆ 72 ವರ್ಷ, ಪಾರ್ಕಿನ್ಸನ್ಸ್ ಬಂದು ಆರೇಳು ವರ್ಷ ಆಯ್ತು. ಬೇರೆ ದಿನ ಹೆಂಗೋ ಓಡಾಡ್ಕೊಂಡಿರ್ತಾರೆ, ಹಬ್ಬದ ದಿನ ಮಾತ್ರ ಪೂಜೆ ಹೊತ್ತಿಗೇ ಕಾಲು ಎತ್ತಿಡೋಕೆ ಆಗ್ದೆ ನಿಂತ್ಬಿಡ್ತಾರೆ. ಪೂಜೆ ಮುಗೀದೆ ಬಾಯಿಗೆ ಏನೂ ಹಾಕಲ್ಲ, ಮಾತ್ರೇನೂ ಬೇಡ ಅಂತಾರೆ. ಆಮೇಲೆ ಊಟದ ಜೊತೆ ಮಾತ್ರೆ ಕೊಟ್ರೂ ಸಾಯಂಕಾಲದವರ್ಗೂ ಹಂಗೇ ಇರ್ತಾರೆ. ನೆಂಟ್ರೆಲ್ಲ ಮಾವ ಯಾಕೆ ಮುಖ ಗಂಟು ಹಾಕ್ಕೊಂಡಿದಾರೆ ಅಂತ ಕೇಳ್ತಾರೆ, ನಾನೇ ಏನೋ ಅಂದಿರ್ಬೇಕು ಅನ್ನೋ ಥರ ನನ್ನ ನೋಡ್ತಾರೆ. ಏನ್ ಮಾಡೋದು?
— ಸೊಸೆ, ತುಮಕೂರು

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲೇ ಕಾರಣ ಇದೆ. ಅವ್ರು ತಗೊಳ್ತಿರೋದು ಲೆವೊಡೋಪಾ ಇರೋ ಮಾತ್ರೆ ಇರ್ಬೇಕು, ಸಿಂಡೋಪಾ ಅಂತ ಬರುತ್ತಲ್ಲ ಆ ಥರದ್ದು. ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ, ಒಂದೂವರೆ ಗಂಟೆ ಆಗೋಷ್ಟರಲ್ಲಿ ಅರ್ಧ ಕರಗಿ ಹೋಗಿರುತ್ತೆ. ಕಾಯಿಲೆ ಹಳೇದಾದಷ್ಟೂ ಮೆದುಳಿಗೆ ಅದನ್ನ ಕೂಡಿಟ್ಕೊಳ್ಳೋ ತಾಕತ್ತು ಕಮ್ಮಿ ಆಗುತ್ತೆ, ಹಂಗಾಗಿ ಬೆಳಿಗ್ಗೆ 8 ಗಂಟೆ ಮಾತ್ರೆ 11 ಗಂಟೆಗೆ ಹೋದ್ರೆ ಮಧ್ಯದ ಆ ಮೂರು ಗಂಟೆ ಮೈಯಲ್ಲಿ ಔಷಧಾನೇ ಇರಲ್ಲ. ಪೂಜೆ ನಡೆಯೋದೂ ಅದೇ ಹೊತ್ತಲ್ಲಿ.

ಆಮೇಲೆ ಊಟದ ಜೊತೆ ಕೊಟ್ರೂ ಯಾಕೆ ಕೆಲಸ ಮಾಡಲ್ಲ ಅಂದ್ರೆ, ಬೇಳೆ, ಹಾಲು, ಮೊಸರು, ಮಾಂಸದಲ್ಲಿರೋ ಪ್ರೋಟೀನ್ ಜೀರ್ಣ ಆದಾಗ ಬರೋ ಅಮೈನೋ ಆಸಿಡ್‌ಗಳೂ ಲೆವೊಡೋಪಾನೂ ಕರುಳಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗೋಕೆ ಒಂದೇ ದಾರಿ ಬಳಸ್ತವೆ, ಪ್ರೋಟೀನ್ ಜಾಸ್ತಿ ಇದ್ರೆ ಔಷಧ ಹಿಂದೆ ಬೀಳುತ್ತೆ. ಹಬ್ಬದ ಎಲೆ ಮೇಲೆ ಏನೇನಿರುತ್ತೆ ನೋಡಿ, ಕೋಸಂಬರಿ, ಬೇಳೆ ಒಬ್ಬಟ್ಟು, ಹಾಲಿನ ಪಾಯಸ, ಆಂಬೊಡೆ, ಕೊನೆಗೆ ಮೊಸರನ್ನ. ಇದೆಲ್ಲ ತಿನ್ಬೇಡಿ ಅಂತ ನಾನು ಹೇಳ್ತಿಲ್ಲ, ಒಬ್ಬಟ್ಟು ಇಲ್ಲದ ಹಬ್ಬ ಅವ್ರಿಗೂ ಬೇಡ. ಮಾತ್ರೆ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ಬರೀ ನೀರಲ್ಲಿ, ಹಾಲಲ್ಲಿ ಬೇಡ, ಇಷ್ಟು ಮಾಡಿದ್ರೆ ಊಟ ಚೆನ್ನಾಗೇ ಮಾಡ್ಲಿ. ಬರೀ ಹೊಟ್ಟೇಲಿ ವಾಕರಿಕೆ ಬರುತ್ತೆ ಅಂದ್ರೆ ಎರಡು ಬಿಸ್ಕತ್ತೋ ಒಂದು ಬಾಳೆಹಣ್ಣೋ ಜೊತೆಗೆ ಕೊಡಿ. ನಿಧಾನಕ್ಕೆ ಬಿಡುಗಡೆ ಆಗೋ ಸಿಆರ್ ಮಾತ್ರೆ ಆದ್ರೆ ಪುಡಿ ಮಾಡಿ ಕೊಡ್ಬೇಡಿ.

ಇನ್ನು ಪೂಜೆಗೆ ಮುಂಚೆ ಮಾತ್ರೆ ಬೇಡ ಅನ್ನೋ ವಿಷ್ಯ. ಇಲ್ಲಿ ಅವ್ರ ಜೊತೆ ವಾದ ಮಾಡ್ಬೇಡಿ, ಅವ್ರ ನಂಬಿಕೆ ಒಳಗಿಂದಲೇ ಹೇಳಿ. ವ್ರತ ಕೆಡಿಸದ ಎಂಟು ವಸ್ತು ಅಂತ ಹಳೇ ಶ್ಲೋಕ ಇದೆ, ನೀರು, ಗೆಡ್ಡೆ, ಹಣ್ಣು, ಹಾಲು ಇವುಗಳ ಸಾಲಲ್ಲೇ ಔಷಧವೂ ಬರುತ್ತೆ. ನಿಮ್ಮ ಮಾತಲ್ಲಿ ಕೇಳ್ದೇ ಇದ್ರೂ ಮನೆಗೆ ಬರೋ ಪುರೋಹಿತರ ಬಾಯಲ್ಲಿ ಕೇಳಿಸಿ, ಅವ್ರೂ ಇದನ್ನೇ ಹೇಳ್ತಾರೆ. ಮಾತ್ರೆ ಕೆಲಸ ಮಾಡೋಕೆ ಶುರುವಾಗಿ ಮೈ ಹಗುರ ಆದ ಹೊತ್ತಿಗೆ ಪೂಜೆ ಇಟ್ಕೊಳ್ಳಿ, ಅಷ್ಟೇ. ಮುಹೂರ್ತ ಇರೋದೇ ಬೆಳಗಿನ ಜಾವ ಅಂದ್ರೆ ಅವತ್ತಿನ ಮಾತ್ರೆ ಹೊತ್ತು ಹೆಂಗೆ ಹಿಂದೆ ಮುಂದೆ ಮಾಡ್ಬಹುದು ಅಂತ ಡಾಕ್ಟರನ್ನ ಮೊದ್ಲೇ ಕೇಳಿಟ್ಕೊಳ್ಳಿ. ನೀವಾಗಿ ಡೋಸ್ ಹೆಚ್ಚು ಕಮ್ಮಿ ಮಾಡ್ಬೇಡಿ, ಮಾತ್ರೆ ಸಡನ್ನಾಗಿ ಪೂರ್ತಿ ನಿಲ್ಲಿಸೋದಂತೂ ಬಹಳ ಅಪಾಯ, ವಿಪರೀತ ಜ್ವರ ಬಂದು ಮೈ ಸೆಟೆದು ಐಸಿಯುಗೆ ಹೋಗೋ ಸ್ಥಿತಿ ಬರಬಹುದು. ಹಬ್ಬಕ್ಕೆ ಮೆಡಿಕಲ್ ಶಾಪ್ ಬಾಗಿಲು ಹಾಕಿರ್ತಾರೆ, ಹತ್ತು ದಿನದ್ದು ಮುಂಚೇನೇ ತಂದಿಡಿ.

ಹಬ್ಬದ ಊಟ ಆದ್ಮೇಲೆ ವಾಂತಿ ಆಯ್ತು ಅಂತ ಹತ್ತಿರದ ಕ್ಲಿನಿಕ್‌ಗೆ ಕರ್ಕೊಂಡು ಹೋಗ್ತೀರ, ಇವ್ರಿಗೆ ಪಾರ್ಕಿನ್ಸನ್ಸ್ ಇದೆ ಅಂತ ಅಲ್ಲಿ ಮೊದಲೇ ಹೇಳಿ. ವಾಂತಿಗೆ ಕೊಡೋ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಅಂದ್ರೆ ಅಂಗಡೀಲಿ ಪೆರಿನಾರ್ಮ್, ಸ್ಟೆಮೆಟಿಲ್ ಅಂತ ಸಿಗೋವು, ಮೆದುಳಲ್ಲಿ ಡೋಪಮೈನ್, ಅಂದ್ರೆ ಮೈ ಚಲನೆಗೆ ಬೇಕಾದ ರಾಸಾಯನಿಕ, ಅದರ ಕೆಲಸಾನೇ ತಡೀತವೆ, ಇವ್ರ ಕಾಯಿಲೆ ಇರೋದೇ ಡೋಪಮೈನ್ ಕಮ್ಮಿ ಆಗಿ. ಒಂದು ಇಂಜೆಕ್ಷನ್ ಸಾಕು, ನಡೀತಿದ್ದವ್ರು ಮಲಗಿಬಿಡ್ಬಹುದು. ಇವೆರಡರ ಹೆಸರು ಒಂದು ಚೀಟೀಲಿ ಬರೆದು ಅವ್ರ ಜೇಬಲ್ಲಿ, ನಿಮ್ಮ ಫೋನಲ್ಲಿ ಇಟ್ಕೊಳ್ಳಿ. ಇದೊಂದು ಮಾತು ಎಲ್ಲ ಮನೆಗೂ ತಲುಪ್ಲಿ ಅಂತ ನನಗೆ ನಿಜವಾಗ್ಲೂ ಆಸೆ.

ಬಾಗಿಲಲ್ಲಿ, ಹೊಸ್ತಿಲಲ್ಲಿ, ಜನ ಗುಂಪಾಗಿರೋ ಕಡೆ ಕಾಲು ಕಚ್ಕೊಳ್ಳೋದು ಈ ಕಾಯಿಲೇಲಿ ಸಾಮಾನ್ಯ. ಆಗ ಕೈ ಹಿಡಿದು ಎಳೀಬೇಡಿ, ಬೇಗ ಬೇಗ ಅನ್ಬೇಡಿ. ನಿಲ್ಲಲಿ, ಮೈ ಭಾರ ಆ ಕಾಲಿಂದ ಈ ಕಾಲಿಗೆ ಒಂದೆರಡು ಸಲ ಹಾಕ್ಲಿ, ಆಮೇಲೆ ನೆಲದ ಮೇಲೆ ಒಂದು ಗೆರೆ ತೋರ್ಸಿ ಅದನ್ನ ದಾಟಿ ಅನ್ನಿ, ಆಶ್ಚರ್ಯ ಆಗೋ ಹಂಗೆ ಕಾಲು ಏಳುತ್ತೆ. ಹೊಸ್ತಿಲ ಮುಂದೆ ರಂಗೋಲಿ ಪುಡೀಲೇ ಒಂದು ದಪ್ಪ ಗೆರೆ ಎಳೆದಿಡಬಹುದು. ರೇಷ್ಮೆ ಪಂಚೆ ಜಾರಿ ಕಾಲಿಗೆ ಸಿಕ್ಕಾಕೊಳ್ಳುತ್ತೆ, ವೆಲ್ಕ್ರೋ ಹಾಕಿರೋ ರೆಡಿಮೇಡ್ ಪಂಚೆ ಸಿಗುತ್ತೆ, ಅದನ್ನ ತನ್ನಿ. ಎಣ್ಣೆಸ್ನಾನ ಆದ ಬಚ್ಚಲಲ್ಲಿ ಅವ್ರನ್ನ ಒಬ್ಬರೇ ಬಿಡ್ಬೇಡಿ.

ಮುಖದ ವಿಷ್ಯಕ್ಕೆ ಬರ್ತೀನಿ. ಮುಖದ ಸ್ನಾಯುಗಳೂ ಬಿಗಿ ಆಗೋದ್ರಿಂದ ಒಳಗೆ ಖುಷಿ ಇದ್ರೂ ಮುಖದಲ್ಲಿ ಕಾಣಲ್ಲ, ದನಿ ಸಣ್ಣ ಆಗುತ್ತೆ, ಎಲ್ಲರೂ ಒಟ್ಟಿಗೆ ಮಾತಾಡ್ತಿದ್ರೆ ಅವ್ರ ಮಾತು ಯಾರಿಗೂ ಕೇಳಲ್ಲ. ಇದನ್ನ ನೆಂಟ್ರಿಗೆ ಹಬ್ಬಕ್ಕೆ ಮುಂಚೇನೇ ನಿಮ್ಮ ಯಜಮಾನ್ರು ಫೋನ್ ಮಾಡಿ ಹೇಳ್ಲಿ, ನೀವಲ್ಲ. ಮಗ ಹೇಳಿದ್ರೆ ಅದು ವಿಷಯ ಆಗುತ್ತೆ, ಸೊಸೆ ಹೇಳಿದ್ರೆ ಸಮಜಾಯಿಷಿ ಅಂದ್ಕೋತಾರೆ, ನಮ್ಮ ಮನೆಗಳು ಇನ್ನೂ ಹಂಗೇ ಇವೆ. ಉರಿಯೋ ಕರ್ಪೂರದ ತಟ್ಟೆ ಅವ್ರ ಕೈಗೆ ಬೇಡ, ನಾಲ್ಕು ಜನ ನೋಡ್ತಿದ್ರೆ ನಡುಕ ಇನ್ನೂ ಜಾಸ್ತಿ ಆಗುತ್ತೆ. ಕುರ್ಚಿ ಮೇಲೆ ಕೂತು ಹೂವು ಏರಿಸ್ಲಿ, ಬರೋ ಮಕ್ಕಳು ಅಲ್ಲೇ ಹೋಗಿ ಕಾಲಿಗೆ ನಮಸ್ಕಾರ ಮಾಡ್ಲಿ, ಒಬ್ಬೊಬ್ಬರೇ ಪಕ್ಕದಲ್ಲಿ ಕೂತು ಮಾತಾಡಿಸ್ಲಿ.

ಪ್ರಶ್ನೆ: ನಮ್ಮ ಮಗನಿಗೆ 11 ವರ್ಷ. ತಲೆಗೆ ಬಿಸಿನೀರು ಹುಯ್ಯುವಾಗ ಮಾತ್ರ ಫಿಟ್ಸ್ ಬರುತ್ತೆ. ಡಾಕ್ಟ್ರು ಇದು ಬಿಸಿನೀರಿನ ಫಿಟ್ಸ್ ಅಂದ್ರು. ನಮ್ಮತ್ತೆ, ನೀರು ತುಂಬೋ ಹಬ್ಬದ ದಿನ ಹಂಡೆ ಪೂಜೆ ಮಾಡಿ ಬೆಳಗಿನ ಜಾವ ಎಣ್ಣೆ ಹಚ್ಚಿ ಎರೀಲೇಬೇಕು, ಹಂಗೆ ಮಾಡ್ದೇ ಇರೋದಕ್ಕೇ ಗಾಳಿ ಸೋಕಿರೋದು ಅಂತಾರೆ. ಭಯ ಆಗುತ್ತೆ.
— ಒಬ್ಬ ತಾಯಿ, ಚಾಮರಾಜನಗರ

ಉತ್ತರ: ಇದು ಗಾಳಿ ಅಲ್ಲ ತಾಯಿ, ನಿಮ್ಮ ಮಗ ಒಬ್ಬನಿಗೇ ಬಂದಿರೋದೂ ಅಲ್ಲ. ಪ್ರಪಂಚದ ಬೇರೆ ಕಡೆ ಅಪರೂಪವಾದ ಈ ತೊಂದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಮೈಸೂರು ಸೀಮೆ ಕಡೆ ಜಾಸ್ತಿ, ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟ್ರುಗಳು ಇದರ ಮೇಲೆ ದಶಕಗಳಿಂದ ಅಧ್ಯಯನ ಮಾಡಿದಾರೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. 40ರಿಂದ 50 ಡಿಗ್ರಿ ಬಿಸಿ ಇರೋ ನೀರನ್ನ ಚೊಂಬಲ್ಲಿ ತಲೆ ಮೇಲೆ ಒಂದರ ಹಿಂದೆ ಒಂದು ಸುರೀತೀವಲ್ಲ, ಅದೇ ಫಿಟ್ಸ್ ಎಬ್ಬಿಸೋದು. ಕೆಲವು ಮಕ್ಕಳು ಆ ಹೊತ್ತಲ್ಲಿ ಮೈಮರೆತು ತಾವೇ ಇನ್ನೂ ನೀರು ಹುಯ್ಕೋತಾ ಇರ್ತಾರೆ, ತುಂಟತನ ಅಂದ್ಕೊಂಡು ಬೈಬೇಡಿ.

ಎಣ್ಣೆ ಹಚ್ಚೋದ್ರಲ್ಲಿ ತೊಂದ್ರೆ ಇಲ್ಲ, ಅತ್ತೆಯವ್ರೇ ಹಚ್ಚಲಿ, ಆರತಿ ಮಾಡ್ಲಿ, ಹಂಡೆ ಪೂಜೇನೂ ಆಗ್ಲಿ. ಸ್ನಾನ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ, ಮೈಗೆ ಮೊದಲು, ತಲೆಗೆ ಕೊನೇಲಿ ಸ್ವಲ್ಪ ಸ್ವಲ್ಪ, ಇಲ್ಲಾಂದ್ರೆ ಒದ್ದೆ ಟವೆಲಲ್ಲಿ ತಲೆ ಒರೆಸಿ ಎಣ್ಣೆ ತೆಗೀರಿ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕೊಡೋ ಕ್ಲೊಬಜಾಮ್ ಅಂತ ಮಾತ್ರೆ ಇದೆ, ನಿಮ್ಮ ಮಗನಿಗೆ ಬೇಕಾ, ಎಷ್ಟು ಅಂತ ಅವನ ಡಾಕ್ಟ್ರೇ ಬರೆದುಕೊಡ್ಬೇಕು, ಹಬ್ಬಕ್ಕೆ ಮುಂಚೆ ಹೋಗಿ ಕೇಳಿ. ರಾತ್ರಿ ಪಟಾಕಿ ಹೊಡೆದು ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ರೆ ನಿದ್ದೆಗೆಟ್ಟೇ ಫಿಟ್ಸ್ ಬರಬಹುದು, ಅವನ ಸರದಿ ಕೊನೇಲಿ, ಬೆಳಕಾದ್ಮೇಲೆ ಇರ್ಲಿ. ಕುದಿಯೋ ಹಂಡೆ ಪಕ್ಕ ಕೂರಿಸ್ಬೇಡಿ, ಬಚ್ಚಲ ಬಾಗಿಲು ಒಳಗಿಂದ ಚಿಲಕ ಹಾಕ್ಬಾರ್ದು. ಅಕಸ್ಮಾತ್ ಬಂದ್ರೆ ನೀರು ನಿಲ್ಲಿಸಿ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಕೈಗೆ ಬೀಗದ ಕೀ ಕೊಡೋದು, ಬಾಯಿಗೆ ಸ್ಪೂನ್ ಇಡೋದು, ನೀರು ಕುಡಿಸೋದು ಯಾವ್ದೂ ಬೇಡ. ಐದು ನಿಮಿಷಕ್ಕೂ ನಿಲ್ಲಲಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ. ಇಂಥ ಮಕ್ಕಳಲ್ಲಿ ಕೆಲವರಿಗೆ ಮುಂದೆ ನೀರಿನ ಸಂಬಂಧ ಇಲ್ದೇನೂ ಫಿಟ್ಸ್ ಬರೋದುಂಟು, ಅದಕ್ಕೇ ಡಾಕ್ಟರ್ ಹತ್ರ ಹೋಗೋದು ಬಿಡ್ಬೇಡಿ.

ಪ್ರಶ್ನೆ: ಮೇಡಂ, ನಾ ಹುಬ್ಬಳ್ಳಿಯಾಕಿ, 31 ವರ್ಷ, ಎಂಎಸ್ (ಮಲ್ಟಿಪಲ್ ಸ್ಕ್ಲೀರೋಸಿಸ್) ಐತಿ. ದೀಪಾವಳಿಗೆ ಚಕ್ಕುಲಿ, ಶಂಕರಪೋಳಿ, ಕರ್ಚಿಕಾಯಿ ಕರಿಯಾಕ ಒಲಿ ಮುಂದ ನಿಂತ್ರ ಕಣ್ಣು ಮಂಜಾಗ್ತಾವ, ಕಾಲಾಗ ಶಕ್ತಿನ ಇರಂಗಿಲ್ಲ. ನೋಡಾಕ ಚಂದ ಅದಾಳ, ಕೆಲಸ ಬಂತಂದ್ರ ಬ್ಯಾನಿ ಅಂತಾಳ ಅಂತ ಮಂದಿ ಮಾತಾಡ್ತಾರ. ರೋಗ ಹೆಚ್ಚಾಗಾಕತ್ತೈತೇನ್ರಿ?

ಉತ್ತರ: ಹೆಚ್ಚಾಗ್ತಿಲ್ಲ, ಅದು ಬಿಸಿ ಮಾಡೋ ಕೆಲಸ. ಮಲ್ಟಿಪಲ್ ಸ್ಕ್ಲೀರೋಸಿಸ್‌ನಲ್ಲಿ ನರದ ಮೇಲಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋಗಿರುತ್ತೆ, ಮೈ ಶಾಖ ಅರ್ಧ ಡಿಗ್ರಿ ಏರಿದ್ರೂ ಅಂಥ ನರದಲ್ಲಿ ಸಂದೇಶ ಸರಿಯಾಗಿ ಹೋಗಲ್ಲ. ಜರ್ಮನಿಯ ಕಣ್ಣಿನ ಡಾಕ್ಟರ್ ಊಟ್‌ಹೋಫ್ 1890ರಲ್ಲೇ ಇದನ್ನ ಬರೆದಿಟ್ಟಿದಾರೆ, ಮೈ ತಣ್ಣಗಾದ್ರೆ ಕಣ್ಣೂ ಕಾಲೂ ಮೊದಲಿನಂಗೆ ಆಗ್ತವೆ. ಆದ್ರೆ ತಣ್ಣಗಾದ್ಮೇಲೂ ಹೊಸ ತೊಂದರೆ 24 ಗಂಟೆ ಮೀರಿ ಉಳಿದ್ರೆ ಹಬ್ಬ ಅಂತ ಕಾಯ್ಬೇಡಿ, ಅವತ್ತೇ ನ್ಯೂರಾಲಜಿಸ್ಟ್‌ಗೆ ಹೇಳಿ.

ಎಣ್ಣೆ ಬಾಣಲೆ ಕೆಲಸ ಬೇರೆಯವ್ರಿಗೆ ಬಿಡಿ, ಹಿಟ್ಟು ಒತ್ತೋದು, ಹೂರಣ ತುಂಬೋದು ಫ್ಯಾನ್ ಕೆಳಗೆ ಕೂತು ಮಾಡಿ, ಕುತ್ತಿಗೆಗೆ ಒದ್ದೆ ಬಟ್ಟೆ, ಆಗಾಗ ತಣ್ಣನೆ ಮಜ್ಜಿಗೆ. ಅಭ್ಯಂಜನಕ್ಕೂ ಉಗುರುಬೆಚ್ಚಗಿನ ನೀರೇ. ಸುಸ್ತಾದ್ಮೇಲೆ ಮಲಗೋದಲ್ಲ, ಸುಸ್ತಾಗೋಕೆ ಮುಂಚೆ ಮಲಗಿ, ಲಕ್ಷ್ಮೀ ಪೂಜೆ ಸಾಯಂಕಾಲ ಇದ್ರೆ ಮಧ್ಯಾಹ್ನ ಒಂದು ಗಂಟೆ ಬಾಗಿಲು ಹಾಕ್ಕೊಂಡು ಮಲಗೋದು ನಿಮ್ಮ ಹಕ್ಕು. ಫ್ರಿಜ್‌ನಲ್ಲಿಡೋ ಇಂಜೆಕ್ಷನ್ ಇದ್ದು ತವರಿಗೆ ಹೊರಟಿದ್ರೆ ಐಸ್‌ಗೆ ನೇರ ತಾಗದ ಹಾಗೆ ಸುತ್ತಿ ಒಯ್ಯಿರಿ, ಅದು 2ರಿಂದ 8 ಡಿಗ್ರಿಯಲ್ಲಿರ್ಬೇಕು, ಹೆಪ್ಪುಗಟ್ಟಿದ್ರೆ ಕೆಟ್ಟ ಹಾಗೆ. ಮಂದಿ ಮಾತಿಗೆ ಒಂದೇ ಉತ್ತರ ಸಾಕು: ಡಾಕ್ಟರ್ ಒಲೆ ಮುಂದೆ ನಿಲ್ಬೇಡ ಅಂದಿದಾರೆ. ನನ್ನ ಹೆಸರು ಹೇಳಿ ಪರವಾಗಿಲ್ಲ.

ಪ್ರಶ್ನೆ: ಪ್ರತಿ ಹಬ್ಬಕ್ಕೂ ಉಪವಾಸ, ಊದುಬತ್ತಿ ಹೊಗೆ, ಪಟಾಕಿ, ಕೊನೆಗೆ ಮೈಗ್ರೇನ್. ಹಬ್ಬದ ತಿಂಗಳು ವಾರಕ್ಕೆ ನಾಲ್ಕೈದು ಸಲ ನೋವಿನ ಮಾತ್ರೆ ನುಂಗ್ತೀನಿ. ಸರೀನಾ?
— ಗೃಹಿಣಿ, ಶಿವಮೊಗ್ಗ

ಉತ್ತರ: ಸರಿ ಅಲ್ಲ. ಸಾಮಾನ್ಯ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನ್‌ಗೇ ಅಂತ ಕೊಡೋ ಟ್ರಿಪ್ಟಾನ್ ಥರದ್ದು 10 ದಿನ ತಲುಪಿ ಹಂಗೇ ತಿಂಗಳುಗಟ್ಟಲೆ ನಡೆದ್ರೆ ಮಾತ್ರೆಯಿಂದಾನೇ ತಲೆನೋವು ಶುರುವಾಗುತ್ತೆ. ಕ್ಯಾಲೆಂಡರ್ ಮೇಲೆ ಮಾತ್ರೆ ತಗೊಂಡ ದಿನಕ್ಕೆ ಗುರುತು ಹಾಕಿ, ಅದನ್ನ ಡಾಕ್ಟರ್‌ಗೆ ತೋರ್ಸಿ, ನೋವು ಬರದ ಹಾಗೆ ತಡೆಯೋ ದಿನದ ಮಾತ್ರೆಗಳು ಬೇರೆ ಇವೆ. ಖಾಲಿ ಹೊಟ್ಟೆ ಉಪವಾಸದ ಬದಲು ಹಣ್ಣು-ಹಾಲು ತಗೊಳ್ಳಿ, ದಿನಾ ಕುಡಿಯೋ ಕಾಫೀನ ಹಬ್ಬದ ದಿನ ಒಂದೇ ಸಲ ಬಿಡ್ಬೇಡಿ, ಅದು ಬಿಟ್ರೂ ತಲೆ ನೋಯುತ್ತೆ. ಊದುಬತ್ತಿ ಒಂದು ಸಾಕು, ಕಿಟಕಿ ತೆಗೆದಿಡಿ. ಯಾವತ್ತೂ ಇಲ್ಲದಂಥ ನೋವು ಒಮ್ಮೆಲೇ ಸಿಡಿಲು ಬಡಿದ ಹಾಗೆ ಬಂದ್ರೆ, ಇಲ್ಲಾ ಮಾತು ತೊದಲಿ ಕೈಕಾಲು ಒಂದು ಕಡೆ ಸೋತ್ರೆ, ಅದನ್ನ ಮೈಗ್ರೇನ್ ಅಂದ್ಕೊಂಡು ಮನೇಲಿ ಕೂರ್ಬೇಡಿ, ದೀಪಾವಳಿ ದಿನವೂ ದೊಡ್ಡಾಸ್ಪತ್ರೆಗಳ ಎಮರ್ಜೆನ್ಸಿ ತೆರೆದಿರುತ್ತೆ, ತಕ್ಷಣ ಹೋಗಿ.