ಅಳಿವೆಯ ಅಂಚಿನಲ್ಲಿ ವಾಹನಗಳಿಲ್ಲದ ದಾರಿ: ಸೇಡಂನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯ ಗುರುಗಳೇ,

ನಮಸ್ಕಾರ. ನಿಮ್ಮ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ಸೇಡಂ ತಾಲ್ಲೂಕಿನ ಶಾಲೆಗಳಿಗೆ ವರ್ಷಗಟ್ಟಲೆ ಸೈಕಲ್ಲಿನಲ್ಲೇ ಹೋಗಿ ಬಂದು ಈಗ ನಿವೃತ್ತರಾಗಿರುವ ನೀವು, ಬರುವ ಜೂನ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೀರಿ. ನದಿ ಕಡಲನ್ನು ಸೇರುವ ಕಡೆ, ಕಾರು ಲಾರಿಗಳ ಭಯವಿಲ್ಲದೆ, ಮೊಳಕಾಲಿಗೆ ತ್ರಾಸಾಗದಂತೆ ಮಗಳ ಜೊತೆ ಎರಡು ದಿನ ಸೈಕಲ್ ತುಳಿಯಲು ತಕ್ಕ ದಾರಿ ಯಾವುದು ಎಂಬುದು ನಿಮ್ಮ ಮೊದಲ ಪ್ರಶ್ನೆ. ಅಂಥ ದಾರಿ ನಮ್ಮ ಕಲಬುರಗಿ, ಯಾದಗಿರಿ ಕಡೆ ಏಕೆ ಆಗಬಾರದು ಎಂಬುದು ಎರಡನೆಯದು. ಊರಿಂದ ಊರಿಗೆ ತುಂಡಾಗದೆ ಸಾಗುವ, ಹೆಚ್ಚು ಏರಿಳಿತವಿಲ್ಲದ, ಒಂದೇ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಉಳಿದಿರುವ ನೆಲದ ಪಟ್ಟಿ ಎಲ್ಲಿದೆಯೋ ಅಲ್ಲಿ ಮಾತ್ರ ಇಂಥ ದಾರಿ ಹುಟ್ಟುತ್ತದೆ ಎಂಬುದು ನನ್ನ ತಿಳಿವಳಿಕೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಅದನ್ನೇ ಹಿಡಿದು ಉತ್ತರಿಸುತ್ತೇನೆ.

ಬ್ರಿಸ್ಟಲ್‌ನಿಂದ ಹೋಗಿಬರಬಹುದಾದ ದಾರಿಗಳಲ್ಲಿ ನಾನು ನಿಮಗೆ ಸೂಚಿಸುವುದು ಉತ್ತರ ಡೆವನ್‌ನ ಟಾರ್ಕಾ ಟ್ರೇಲ್ ಅನ್ನು. ಟಾ ಮತ್ತು ಟಾರಿಜ್ ಎಂಬ ಎರಡು ನದಿಗಳು ಇನ್‌ಸ್ಟೋ ಎಂಬ ಹಳ್ಳಿಯ ಹತ್ತಿರ ಒಂದಾಗಿ, ಒಂದೇ ಅಳಿವೆಯ ಮೂಲಕ ಬ್ರಿಸ್ಟಲ್ ಕಾಲುವೆ ಎನ್ನಿಸಿಕೊಳ್ಳುವ ಕಡಲ ತೋಳನ್ನು ಸೇರುತ್ತವೆ. ಈ ನದಿಗಳ ದಡವನ್ನೇ ಹಿಡಿದು ಒಂದು ಕಾಲಕ್ಕೆ ರೈಲು ಓಡುತ್ತಿತ್ತು. ಬಾರ್ನ್‌ಸ್ಟೇಪಲ್ ಪಟ್ಟಣದಿಂದ ಬಿಡೆಫರ್ಡ್‌ಗೆ 1855ರಲ್ಲಿ ಬಂದ ಹಳಿ 1872ರಲ್ಲಿ ಗ್ರೇಟ್ ಟಾರಿಂಗ್ಟನ್ ತಲುಪಿತು. ಬ್ರಿಟನ್ನಿನ ರೈಲ್ವೆಯಲ್ಲಿ ನಷ್ಟದ ಮಾರ್ಗಗಳನ್ನು ಮುಚ್ಚಬೇಕೆಂದು 1963ರಲ್ಲಿ ರಿಚರ್ಡ್ ಬೀಚಿಂಗ್ ಕೊಟ್ಟ ವರದಿಯ ನಂತರದ ವರ್ಷಗಳಲ್ಲಿ ಆ ದೇಶದ ಸಾವಿರಾರು ಮೈಲಿ ಹಳಿ ಕಿತ್ತುಹೋಯಿತು. ಇಲ್ಲಿಯೂ 1965ರಲ್ಲಿ ಪ್ರಯಾಣಿಕರ ರೈಲು ನಿಂತು, ಪಿಂಗಾಣಿ ಸಾಮಾನಿಗೆ ಬೇಕಾದ ಜೇಡಿಮಣ್ಣನ್ನು ಸಾಗಿಸುತ್ತಿದ್ದ ಸರಕು ಗಾಡಿ ಮಾತ್ರ 1982ರವರೆಗೆ ಓಡಿತು. ಆಮೇಲೆ ಆ ಪಟ್ಟಿಯನ್ನು ಸೈಟು ಮಾಡಿ ಹಂಚಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸ್ಥಳೀಯ ಆಡಳಿತವು ಅದನ್ನು ಹೆಚ್ಚು ತುಂಡಾಗಲು ಬಿಡದೆ ನಡೆಯುವವರಿಗೂ ಸೈಕಲ್ಲಿನವರಿಗೂ ಉಳಿಸಿಕೊಂಡಿತು, 1992ರಲ್ಲಿ ಟಾರ್ಕಾ ಟ್ರೇಲ್ ಎಂಬ ಹೆಸರಿನಲ್ಲಿ ಅದರ ಉದ್ಘಾಟನೆಯಾಯಿತು.

ನಿಮ್ಮ ಮೊಳಕಾಲಿನ ಚಿಂತೆಗೂ ಈ ಇತಿಹಾಸದಲ್ಲೇ ಪರಿಹಾರವಿದೆ. ಉಗಿಬಂಡಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲವಾದ್ದರಿಂದ, ಹಳಿ ಹಾಕಿದವರು ದಿಬ್ಬ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಮಣ್ಣು ಏರಿಸಿ, ಗುಡ್ಡ ಅಡ್ಡ ಬಂದಲ್ಲಿ ಸುರಂಗ ಕೊರೆದು ದಾರಿಯನ್ನು ಸಮ ಮಾಡಿದ್ದರು. ಡೆವನ್‌ನ ಸಾಮಾನ್ಯ ರಸ್ತೆಗಳು ಉಸಿರುಗಟ್ಟಿಸುವಷ್ಟು ಏರಿಳಿಯುತ್ತವೆ, ಎರಡೂ ಕಡೆ ಎತ್ತರದ ಬೇಲಿ ಇರುವುದರಿಂದ ಎದುರಿನ ವಾಹನವೂ ಕಾಣುವುದಿಲ್ಲ. ಅದೇ ಸೀಮೆಯಲ್ಲಿ ಹಳೆಯ ರೈಲು ದಾರಿಯ ಮೇಲೆ ಒಂದೇ ಗೇರಿನಲ್ಲಿ ಆರಾಮಾಗಿ ತುಳಿಯುತ್ತ ಹೋಗಬಹುದು.

ಸೈಕಲ್ಲಿಗೆ ತೆರೆದಿರುವ ಭಾಗ ಬ್ರಾಂಟನ್ ಎಂಬ ಊರಿನಿಂದ ಮೀತ್ ಎಂಬ ಹಳ್ಳಿಯವರೆಗೆ, ಸುಮಾರು 50 ಕಿ.ಮೀ. ಇದೆ. ಇದೇ ಹೆಸರಿನ ನಡಿಗೆಯ ದಾರಿ ಇನ್ನೂ ಬಹಳ ದೂರ ಸುತ್ತುತ್ತದೆ, ಅದರ ಉಳಿದ ಭಾಗಗಳಲ್ಲಿ ಸೈಕಲ್ಲಿಗೆ ಅವಕಾಶವಿಲ್ಲದ ಕಾಲುದಾರಿಗಳು ಬರುತ್ತವೆ. ಆದ್ದರಿಂದ ನಕಾಶೆಯಲ್ಲಿ ಹೆಸರು ಕಂಡ ಕಡೆಯೆಲ್ಲ ಹೊರಡಬೇಡಿ. 50 ಕಿ.ಮೀ.ಯನ್ನೂ ಪೂರ್ತಿ ಮುಗಿಸಲೇಬೇಕೆಂಬ ಹಟ ಬೇಡ. ಟಾರಿಂಗ್ಟನ್ ದಾಟಿದ ಮೇಲೆ ದಾರಿ ನದಿಯನ್ನು ಬಿಟ್ಟು ಏರತೊಡಗುತ್ತದೆ. ಜೇಡಿಮಣ್ಣಿನ ಗಣಿಗೆಂದು ಹಾಕಿದ್ದ ಕಿರಿದಾದ ಹಳಿಯ ಜಾಡನ್ನು ಹಿಡಿದು 1925ರಲ್ಲಿ ಕಡಿಮೆ ಖರ್ಚಿನಲ್ಲಿ ಕಟ್ಟಿದ ಭಾಗ ಅದು. ಅಲ್ಲಿ ದಿಬ್ಬವನ್ನು ಕಡಿದು ಸಮ ಮಾಡುವ ಶ್ರಮ ಕಡಿಮೆ ನಡೆದಿತ್ತು, ಅದು ಇಂದಿಗೂ ಕಾಲಿಗೆ ತಿಳಿಯುತ್ತದೆ. ನಿಮಗೆ ಬಾರ್ನ್‌ಸ್ಟೇಪಲ್‌ನಿಂದ ಟಾರಿಂಗ್ಟನ್‌ವರೆಗಿನ ಭಾಗ ಸಾಕು.

ಮೊದಲ ದಿನ ಬಾರ್ನ್‌ಸ್ಟೇಪಲ್‌ನಿಂದ ಬಿಡೆಫರ್ಡ್‌ಗೆ ಸುಮಾರು 15 ಕಿ.ಮೀ. ಹೋಗಿ ಮರಳಿ ಬನ್ನಿ. ಈ ಭಾಗಕ್ಕೆ ಇಡೀ ದಿನ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಳಿವೆಯನ್ನು ಒಂದು ಗಳಿಗೆಯಲ್ಲಿ ನೋಡಿದವರು ಅದರ ಅರ್ಧವನ್ನೇ ನೋಡಿರುತ್ತಾರೆ. ನಮ್ಮ ಕಾಗಿಣಾ ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಸೊರಗುವುದನ್ನು ನೀವು ಜೀವಮಾನವಿಡೀ ನೋಡಿದ್ದೀರಿ. ಅಲ್ಲಿ ಅಷ್ಟೇ ದೊಡ್ಡ ಬದಲಾವಣೆ ಒಂದು ಹಗಲಿನೊಳಗೆ ಆಗುತ್ತದೆ. ಬ್ರಿಸ್ಟಲ್ ಕಾಲುವೆಯ ಉಬ್ಬರವಿಳಿತ ಜಗತ್ತಿನ ಅತಿ ದೊಡ್ಡ ಉಬ್ಬರವಿಳಿತಗಳಲ್ಲಿ ಒಂದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಇನ್ನೂ ಹೆಚ್ಚುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಇಂದು ಬೆಳಿಗ್ಗೆ 10ಕ್ಕೆ ತುಂಬಿದ ನೀರು ನಾಳೆ ಹೆಚ್ಚು ಕಡಿಮೆ 10 ಗಂಟೆ 50 ನಿಮಿಷಕ್ಕೆ ತುಂಬುತ್ತದೆ. ಪ್ರತಿ ದಿನದ ವೇಳೆಯ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ, ಮಗಳಿಗೆ ಹೇಳಿ ಅದನ್ನು ನೋಡಿಕೊಂಡೇ ದಿನ ಗೊತ್ತುಮಾಡಿ. ಬೆಳಿಗ್ಗೆ ನೀರು ಇಳಿದಿದ್ದು ಮಧ್ಯಾಹ್ನದ ನಂತರ ತುಂಬುವ ದಿನ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಹೋಗುವಾಗ ಬಯಲಾದ ಕೆಸರಿನಲ್ಲಿ ಹುಳು ಹೆಕ್ಕುವ ಬೆಳ್ಳಕ್ಕಿಗಳು, ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿಗಳು ಕಾಣಬಹುದು. ಬರುವಾಗ ಅದೇ ಜಾಗದಲ್ಲಿ ದೋಣಿಗಳು ತೇಲುತ್ತಿರುತ್ತವೆ. ಆದರೆ ಎಷ್ಟೇ ಗಟ್ಟಿಯಾಗಿ ಕಂಡರೂ ಆ ಕೆಸರಿಗೆ ಮಾತ್ರ ಇಳಿಯಬೇಡಿ, ಅದು ಕಾಲನ್ನು ಹೂತುಕೊಳ್ಳುತ್ತದೆ ಮತ್ತು ನೀರು ಎಣಿಸಿದ್ದಕ್ಕಿಂತ ಬೇಗ ಬರುತ್ತದೆ.

ದಾರಿಯಲ್ಲಿ ಮೊದಲು ಸಿಗುವುದು ಫ್ರೆಮಿಂಗ್ಟನ್ ಧಕ್ಕೆ. ಜೇಡಿಮಣ್ಣು ಹಡಗೇರುತ್ತಿದ್ದ, ಕಲ್ಲಿದ್ದಲು ಇಳಿಯುತ್ತಿದ್ದ ಈ ಜಾಗದಲ್ಲಿ ಈಗ ಚಹಾ ಕುಡಿದು ನೀರನ್ನು ನೋಡುತ್ತ ಕೂರಬಹುದು. ಮುಂದೆ ಇನ್‌ಸ್ಟೋದಲ್ಲಿ ಹಳೆಯ ಸಿಗ್ನಲ್ ಕ್ಯಾಬಿನ್ನನ್ನು ಜತನದಿಂದ ಉಳಿಸಿದ್ದಾರೆ. ನದಿಯ ಆಚೆ ದಡದಲ್ಲಿ ಆಪಲ್‌ಡೋರ್ ಹಳ್ಳಿ ಕಾಣುತ್ತದೆ. ಅಲ್ಲಿಗೆ ಬೇಸಗೆಯ ತಿಂಗಳುಗಳಲ್ಲಿ ದೋಣಿ ಇದೆ, ಆದರೆ ಅದು ನೀರು ತುಂಬಿರುವ ಕೆಲವು ತಾಸು ಮಾತ್ರ ಓಡುತ್ತದೆ. ಇನ್‌ಸ್ಟೋದಿಂದ ದಾರಿ ತೆಂಕಣಕ್ಕೆ ತಿರುಗಿ ಟಾರಿಜ್ ದಡ ಹಿಡಿಯುತ್ತದೆ. ಬಿಡೆಫರ್ಡ್‌ನ ಉದ್ದನೆಯ ಕಲ್ಲಿನ ಸೇತುವೆಯನ್ನು ನೋಡಿಯೇ ಬನ್ನಿ. ಅದರ 24 ಕಮಾನುಗಳು ಒಂದೇ ಅಳತೆಯವಲ್ಲ. ಎರಡನೆಯ ದಿನ ಬಿಡೆಫರ್ಡ್‌ನಿಂದ ಟಾರಿಂಗ್ಟನ್‌ವರೆಗೆ 9 ಕಿ.ಮೀ. ಆಗುತ್ತದೆ. ಅಳಿವೆ ನಿಧಾನವಾಗಿ ನದಿಯಾಗಿ ಕಿರಿದಾಗುತ್ತ ಕಾಡಿನೊಳಗೆ ಸರಿಯುವುದನ್ನು ರೈಲಿನ ಹಳೆಯ ಸೇತುವೆಗಳ ಮೇಲಿಂದಲೇ ನೋಡುತ್ತ ಹೋಗುತ್ತೀರಿ.

ಕೆಲವು ವ್ಯಾವಹಾರಿಕ ಮಾತುಗಳು. ಬ್ರಿಸ್ಟಲ್‌ನಿಂದ ಎಕ್ಸಿಟರ್‌ಗೆ, ಅಲ್ಲಿಂದ ಬಾರ್ನ್‌ಸ್ಟೇಪಲ್‌ಗೆ ರೈಲಿದೆ. ದೂರದ ರೈಲುಗಳಲ್ಲಿ ಸೈಕಲ್ಲಿಗೂ ಮುಂಗಡ ಜಾಗ ಕಾಯ್ದಿರಿಸಬೇಕಾಗುವುದರಿಂದ, ಅಲ್ಲಿಯೇ ಬಾಡಿಗೆಗೆ ಪಡೆಯುವುದು ಸುಲಭ. ಜುಲೈ ಕೊನೆಗೆ ಅಲ್ಲಿನ ಶಾಲೆಗಳಿಗೆ ರಜೆ ಬಿದ್ದು ದಾರಿ ಮಕ್ಕಳು ಮರಿಗಳಿಂದ ತುಂಬುತ್ತದೆ, ಅದಕ್ಕೂ ಮೊದಲೇ ಹೋಗಿ. ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ, ಅವಸರ ಬೇಡ. ಗಾಳಿ ಹೆಚ್ಚಾಗಿ ಪಡುವಣ ಮತ್ತು ನೈರುತ್ಯದಿಂದ ಬೀಸುತ್ತದೆ. ಹೋಗುವಾಗ ಎದುರು ಗಾಳಿ ಇದ್ದರೆ ಮರಳುವಾಗ ಅದು ಬೆನ್ನಿಗಿರುತ್ತದೆ, ದಣಿದ ಹೊತ್ತಿಗೆ ಅದೇ ಆಸರೆ. ಮಳೆಯಂಗಿ ಜೊತೆಗಿರಲಿ. ದಾರಿ ಎಲ್ಲರದ್ದಾದ್ದರಿಂದ ನಡೆಯುವವರ ಹಿಂದಿನಿಂದ ಬರುವಾಗ ಗಂಟೆ ಬಾರಿಸಿ, ನಿಧಾನಿಸಿ.

ಕಾರ್ನ್‌ವಾಲ್‌ನ ಕ್ಯಾಮೆಲ್ ಟ್ರೇಲ್ ಬಗ್ಗೆಯೂ ಕೇಳಿದ್ದೀರಿ. ಅದೂ ಹಳೆಯ ರೈಲು ದಾರಿಯೇ. ವೇಡ್‌ಬ್ರಿಜ್‌ನಿಂದ ಪ್ಯಾಡ್‌ಸ್ಟೋವರೆಗೆ ಸುಮಾರು 9 ಕಿ.ಮೀ. ಕ್ಯಾಮೆಲ್ ನದಿಯ ಅಳಿವೆಗೆ ಅಂಟಿಕೊಂಡೇ ಸಾಗುತ್ತದೆ, ಬಹಳ ಸುಂದರವಾಗಿದೆ. ಆದರೆ ಬ್ರಿಸ್ಟಲ್‌ನಿಂದ ಅಲ್ಲಿಗೆ ದೂರ ಹೆಚ್ಚು, ಜನಸಂದಣಿಯೂ ಹೆಚ್ಚು.

ಇನ್ನು ಎರಡನೆಯ ಪ್ರಶ್ನೆ. ನಮ್ಮಲ್ಲಿ ಕಡಲೂ ಇಲ್ಲ, ಬಿಟ್ಟುಹೋದ ರೈಲು ದಾರಿಯೂ ಇಲ್ಲ. ಬೀದರ್-ಕಲಬುರಗಿ ನಡುವೆ ರೈಲು ಪೂರ್ತಿಯಾಗಿ ಓಡತೊಡಗಿದ್ದೇ 2017ರಲ್ಲಿ. ಆದರೆ ತುಂಡಾಗದ, ಏರಿಳಿತವಿಲ್ಲದ, ಸಾರ್ವಜನಿಕ ಒಡೆತನದ ಪಟ್ಟಿ ನಮ್ಮಲ್ಲೂ ಇದೆ. ಅದು ಕಾಲುವೆಯ ಏರಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರ, ಜೇವರ್ಗಿ ಸೀಮೆಗಳಿಗೆ ಕೃಷ್ಣೆಯ ನೀರನ್ನು ಒಯ್ಯುತ್ತದೆ. ನೀರು ತಾನಾಗಿ ಹರಿಯಬೇಕಾದ್ದರಿಂದ ಅದರ ಇಳಿಜಾರು ರೈಲು ದಾರಿಗಿಂತಲೂ ಸೌಮ್ಯ. ಏರಿಯ ಮೇಲೆ ತಪಾಸಣೆಯ ದಾರಿ ಇದ್ದೇ ಇದೆ, ಒಡೆತನ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಅಡ್ಡಿಗಳನ್ನು ಮುಚ್ಚಿಡುವುದಿಲ್ಲ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೊತ್ತುಕೊಂಡೇ ನಡೆಯಬೇಕಾಗುತ್ತದೆ, ಬಳ್ಳಾರಿ ಜಾಲಿಯ ಮುಳ್ಳು ಟ್ಯೂಬನ್ನು ಉಳಿಸುವುದಿಲ್ಲ, ನೆರಳು ಇಲ್ಲ, ಕಾಲುವೆಯ ಕಡಿದಾದ ಬದಿಯಲ್ಲಿ ಜಾರಿದರೆ ಮೇಲೆ ಹತ್ತುವುದು ಈಜು ಬಲ್ಲವರಿಗೂ ಕಷ್ಟ. ಗಟ್ಟಿ ಮೊರಂ ಹಾಸು, ನೀರಿನ ಬದಿಗೆ ತಡೆ, ಒಂದು ಸಾಲು ಬೇವು, ಹೊಂಗೆ ಇಷ್ಟು ಆಗದೆ ಯಾರನ್ನೂ ಅಲ್ಲಿಗೆ ಸೈಕಲ್ ತುಳಿಯಲು ಕರೆಯಬಾರದು.

ಮತ್ತು ಅದನ್ನು ಪ್ರವಾಸಿಗರ ಹೆಸರಿನಲ್ಲಿ ಕೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಟಾರ್ಕಾ ಟ್ರೇಲ್‌ನಲ್ಲಿ ಪ್ರವಾಸಿಗರಷ್ಟೇ ಅಲ್ಲ, ಕೆಲಸಕ್ಕೆ, ಪೇಟೆಗೆ ಹೋಗುವ ಸುತ್ತಲಿನ ಊರಿನವರೂ ಓಡಾಡುತ್ತಾರೆ. ನಮ್ಮ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಸೈಕಲ್ ಕೊಟ್ಟೆವು, ಹತ್ತಿ ತುಂಬಿದ ಟ್ರ್ಯಾಕ್ಟರುಗಳ ನಡುವೆ ಅದನ್ನು ತುಳಿಯಲು ನಿರ್ಭಯದ ದಾರಿ ಕೊಡಲಿಲ್ಲ. ಏರಿಯ ಮೇಲಿನ ಮೊದಲ ಐದಾರು ಕಿಲೋಮೀಟರು ಒಂದು ಹಳ್ಳಿಯಿಂದ ಒಂದು ಪ್ರೌಢಶಾಲೆಗೆ ಹೋಗುವಂತಿರಲಿ ಎಂದು ಕೇಳೋಣ.

ಅದಕ್ಕಾಗಿ ನಿಮ್ಮಿಂದ ಒಂದು ಸಹಾಯ ಬೇಕು. ಅಲ್ಲಿ ಸೈಕಲ್ ತುಳಿಯುವಾಗ ದಾರಿ ಎಷ್ಟು ಅಗಲವಿದೆ, ಹಾಸು ಯಾವುದು, ಕಾರು ನುಗ್ಗದಂತೆ ಬಾಯಲ್ಲಿ ಏನು ನೆಟ್ಟಿದ್ದಾರೆ, ರಸ್ತೆಯನ್ನು ದಾಟುವ ಕಡೆ ಏನು ವ್ಯವಸ್ಥೆ ಮಾಡಿದ್ದಾರೆ, ಮಳೆನೀರು ಎತ್ತ ಹರಿದುಹೋಗುತ್ತದೆ ಎಂಬುದನ್ನು ಅಳತೆ ಮತ್ತು ಫೋಟೊ ಸಹಿತ ಬರೆದು ಕಳಿಸಿ. ನಿಗಮದ ಎಂಜಿನಿಯರರಿಗೆ ಕೊಡುವ ಮನವಿಯ ಜೊತೆ ಅವನ್ನು ಲಗತ್ತಿಸುತ್ತೇವೆ.

ನಿಮ್ಮ ವಿಶ್ವಾಸಿ,
ಸಂಪಾದಕ