ಮಳೆನೀರಿನ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಗೊತ್ತಾಗುವುದು ಹೇಗೆ?

ರಸ್ತೆ, ಪಾರ್ಕಿಂಗ್ ಜಾಗದಿಂದ ಹರಿದು ಬರುವ ಮಳೆನೀರನ್ನು ಸೋಸುವ ಫಿಲ್ಟರ್ ಇದ್ದರೆ, ಮಳೆ ನಿಂತ ಮೇಲೆ ಅದರ ಮೇಲೆ ನೀರು ಎಷ್ಟು ಹೊತ್ತು ನಿಂತಿರುತ್ತದೆ ನೋಡಿ. ಮರಳಿನ ಫಿಲ್ಟರ್ ಆದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಂಗಿ ಹೋಗಬೇಕು. 72 ಗಂಟೆ ಆದರೂ ನೀರು ಹಾಗೇ ಇದ್ದರೆ ಕಟ್ಟಿಕೊಂಡಿದೆ ಅಂತಲೇ ಲೆಕ್ಕ.

ಹಾಗಂತ ಮರಳೆಲ್ಲ ಹಾಳಾಯಿತು ಅಂದುಕೊಳ್ಳಬೇಡಿ. ರಸ್ತೆ, ಪಾರ್ಕಿಂಗ್ ಜಾಗದಿಂದ ಬರುವ ನುಣ್ಣನೆ ಮಣ್ಣು ಮತ್ತು ಎಣ್ಣೆ ಜಾಸ್ತಿ ಕೆಳಗೆ ಇಳಿಯುವುದೇ ಇಲ್ಲ, ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಸಿಕ್ಕಿಕೊಂಡು ಹಾಲಿನ ಕೆನೆಯ ಹಾಗೆ ಒಂದು ಪದರ ಕಟ್ಟುತ್ತದೆ. ಒಣಗಿದಾಗ ಸಲಿಕೆಯಿಂದ ಒಂದು ಚಿಕ್ಕ ಗುಂಡಿ ತೋಡಿ ನೋಡಿ: ಮೇಲೆ ಕಪ್ಪಗೆ ಜಿಗುಟು ಪಟ್ಟಿ, ಅದರ ಕೆಳಗೆ ಮರಳು ಮರಳಿನ ಬಣ್ಣದಲ್ಲೇ ಇರುತ್ತದೆ. ಆ ಕಪ್ಪು ಭಾಗವನ್ನಷ್ಟೇ ಕೆರೆದು ತೆಗೆದು, ಅಷ್ಟೇ ದಪ್ಪಕ್ಕೆ ಅದೇ ಗಾತ್ರದ ಕಾಳಿನ ತೊಳೆದ ಮರಳು ಹಾಕಿದರೆ ಸಾಕು. ಕಪ್ಪು ಬಣ್ಣ ತಳದವರೆಗೂ ಇಳಿದಿದ್ದರೆ ಮಾತ್ರ ಪೂರ್ತಿ ಬದಲಾಯಿಸಬೇಕು.

ಒಂದು ಮೋಸ ಇದೆ. ಕಟ್ಟಿಕೊಂಡ ಫಿಲ್ಟರಿನಲ್ಲೂ ನೀರು ಸಲೀಸಾಗಿ ಹೋಗುತ್ತಿರುವಂತೆ ಕಾಣಬಹುದು, ಯಾಕೆಂದರೆ ಅದು ಸೋಸದೆ ಓವರ್‌ಫ್ಲೋ ಪೈಪಿನಿಂದ ಸುಮ್ನೆ ದಾಟಿಕೊಂಡು ಹೋಗುತ್ತಿರುತ್ತದೆ. ಅದಕ್ಕೇ ಮಳೆ ಬಂದ ಮಾರನೇ ದಿನ ಆ ಪೈಪಿನ ಬಾಯಲ್ಲಿ ಕಸ, ಎಲೆ ಸಿಕ್ಕಿದೆಯಾ ನೋಡಿ. ಸಣ್ಣ ಮಳೆಗೂ ಸಿಕ್ಕಿದ್ದರೆ ತೊಂದರೆ ಶುರುವಾಗಿದೆ.

ಫಿಲ್ಟರಿಗೂ ಮೊದಲು ಹೂಳು ಇಳಿಯುವ ತೊಟ್ಟಿ ಇರುತ್ತಲ್ವಾ, ಅದು ಅರ್ಧ ತುಂಬುವ ಮೊದಲೇ ಹೂಳು ತೆಗೆಸಿ. ಮುಚ್ಚಿದ ತೊಟ್ಟಿಯೊಳಗೆ ನೀವೇ ಇಳಿಯಬೇಡಿ, ಒಳಗಿನ ಗಾಳಿ ಜೀವ ತೆಗೆಯಬಹುದು.